ಶನಿವಾರದ ಒಪ್ಪತ್ತು

ನಾನು ಶುರುಮಾಡಿದ್ದು ಡಯಟ್, ಮನೆಯಲ್ಲಿ ಹೇಳಿದ್ದು ವ್ರತ. ಜಯನಗರದ ನಮ್ಮ ಮನೆಯಲ್ಲಿ ಡಯಟ್ ಅಂದರೆ ಬಂದವರು ಹೋದವರೆಲ್ಲ ಒಂದೊಂದು ಸಲಹೆ ಕೊಡುತ್ತಾರೆ. ಒಪ್ಪತ್ತು ಅಂದರೆ ಯಾರೂ ಬಾಯಿ ತೆರೆಯುವುದಿಲ್ಲ. ನಮ್ಮ ಅತ್ತೆ ಮದುವೆಯಾದಾಗಿನಿಂದ ಶನಿವಾರ ಒಪ್ಪತ್ತು ಮಾಡುವವರು. ಮಧ್ಯಾಹ್ನ ಒಂದು ಊಟ, ರಾತ್ರಿಗೆ ಎರಡು ಬಾಳೆಹಣ್ಣು, ಒಂದು ಲೋಟ ಹಾಲು, ಅಷ್ಟೇ. ನಾನೂ ನಿಮ್ಮ ಜೊತೆ ಮಾಡುತ್ತೇನೆ ಎಂದಾಗ ಅವರು ಎಷ್ಟು ಹಿಗ್ಗಿದರೆಂದರೆ, ಸಂಜೆಯೊಳಗೆ ಎದುರು ಮನೆಗೂ ಪಕ್ಕದ ಮನೆಗೂ ಸುದ್ದಿ ಮುಟ್ಟಿತ್ತು. ಆಫೀಸಿಗೆ ಹೋಗುವ ಸೊಸೆ, ಆದರೂ ನೋಡಿ, ಎಂದು.

ನಿಜವಾದ ಕಾರಣ ಫೋರ್ತ್ ಬ್ಲಾಕಿನ ಟೈಲರ್. ಬಿಗಿಯಾದ ಬ್ಲೌಸ್ ಸಡಿಲ ಮಾಡಿಸಲು ಹೋದಾಗ ಆತ ಹೊಲಿಗೆಯನ್ನು ತಿರುಗಿಸಿ ತೋರಿಸಿದ.

"ಮೇಡಂ, ಒಳಗೆ ಬಿಡೋಕೆ ಬಟ್ಟೆನೇ ಇಲ್ಲ. ಮೂರು ಸಲ ಬಿಚ್ಚಿದ್ದೀನಿ. ಇನ್ನೇನಿದ್ರೂ ನಿಮ್ ಕೈಲೇ ಇದೆ."

ಬೆಂಚಿನ ಮೇಲೆ ಕೂತಿದ್ದ ಇಬ್ಬರು ಹೆಂಗಸರು ನಕ್ಕರು. ನಾನೂ ನಕ್ಕೆ. ಅಲ್ಲಿಂದ ನೇರವಾಗಿ ಬೇಕರಿಗೆ ಹೋಗಿ, ನಿಂತಲ್ಲೇ ಎರಡು ಖಾರಾ ಬನ್ನು, ಒಂದು ಹನಿ ಕೇಕು ತಿಂದೆ. ನನ್ನ ತಿನ್ನುವಿಕೆಯೇ ಹಾಗೆ. ಹಸಿವಿಗೂ ಅದಕ್ಕೂ ಸಂಬಂಧವಿಲ್ಲ. ಆಫೀಸಿನಲ್ಲಿ ಯಾರಾದರೂ ಗದರಿದರೆ, ತಿಂಗಳಲ್ಲಿ ಇಪ್ಪತ್ತು ದಿನ ಟೂರಿನಲ್ಲಿರುವ ಗಂಡ ಫೋನಿನಲ್ಲಿ "ಆಮೇಲೆ ಮಾಡ್ತೀನಿ" ಎಂದರೆ, ಎದೆಯಲ್ಲಿ ಎದ್ದದ್ದನ್ನು ಬಾಯಿ ತುಂಬಿಕೊಂಡು ಅದುಮಬೇಕು.

ಶನಿವಾರಗಳಂದು ಅದುಮಲು ನಾನು ಒಂದು ಜಾಗ ಕಂಡುಕೊಂಡಿದ್ದೆ. ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ ವಾಷಿಂಗ್ ಮಷೀನ್ ಇದೆ. ಅದು ಬಟ್ಟೆ ಹಿಂಡುವಾಗ ಗಡಗಡ ಸದ್ದಿನಲ್ಲಿ ಪ್ಲಾಸ್ಟಿಕ್ ಪೊಟ್ಟಣದ ಸದ್ದು ಹಾಲ್‌ಗೆ ಕೇಳುವುದಿಲ್ಲ. ಸಂಜೆ ನಾಲ್ಕಕ್ಕೆ ಮಷೀನ್ ಹಾಕುತ್ತಿದ್ದೆ. ಸೋಪಿನ ಪುಡಿಯ ಡಬ್ಬಿಯ ಹಿಂದೆ ಬೇಕರಿಯ ಮಸಾಲೆ ಕಡಲೆಬೀಜ ಇರುತ್ತಿತ್ತು. ಹೆಜ್ಜೆ ಸದ್ದು ಕೇಳಿದರೆ ಕೈಯಲ್ಲಿದ್ದಷ್ಟನ್ನೂ ಒಟ್ಟಿಗೆ ಬಾಯಿಗೆ ಸುರಿದು, ಅರ್ಧ ಅಗಿದು ನುಂಗಿ, ಸೆರಗಿನಿಂದ ತುಟಿ ಒರೆಸಿಕೊಂಡು ಬಕೆಟ್ ಎತ್ತುತ್ತಿದ್ದೆ. ಒಂಬತ್ತು ವರ್ಷದ ಮಗಳು ಎರಡು ಸಲ ಹಾಗೆ ನನ್ನನ್ನು ನೋಡಿದಳು. ತುಟಿಯ ಮೇಲೆ ಬೆರಳಿಟ್ಟು ಕಣ್ಣು ಮಿಟುಕಿಸಿದೆ. ಅವಳೂ ಮಿಟುಕಿಸಿದಳು. ನಮ್ಮಿಬ್ಬರ ನಡುವಿನ ತಮಾಷೆ ಎಂದುಕೊಂಡೆ.

ಆ ಶನಿವಾರ ನಾನು ತಾರಸಿಯ ಮೇಲೆ ಬಟ್ಟೆ ಒಣಹಾಕಿ ಖಾಲಿ ಬಕೆಟ್ ಹಿಡಿದು ಇಳಿದು ಬಂದೆ. ನನ್ನ ಚಪ್ಪಲಿಯ ಸದ್ದು ಮಗಳಿಗೆ ಕೇಳಿರಬೇಕು. ಯುಟಿಲಿಟಿಯ ಬಾಗಿಲು ತೆರೆದಾಗ ಮಗಳು ಮಷೀನಿಗೆ ಒರಗಿ ನಿಂತಿದ್ದಳು. ಎರಡೂ ಕೆನ್ನೆ ಉಬ್ಬಿದ್ದವು. ಗಂಟಲಿನ ಮೇಲೆ ಕೈ. ಕೆಮ್ಮುತ್ತಿದ್ದಳು, ಆದರೆ ಸದ್ದಿರಲಿಲ್ಲ. ಕಣ್ಣು ದೊಡ್ಡದಾಗಿ ನನ್ನನ್ನೇ ನೋಡುತ್ತಿತ್ತು. ನೆಲದ ಮೇಲೆ ನನ್ನ ಪೊಟ್ಟಣ, ಕಡಲೆಬೀಜ ಚೆಲ್ಲಿತ್ತು.

ಅತ್ತೆ ಅಡುಗೆಮನೆಯಲ್ಲಿದ್ದರು. "ಏನೇ ಅದು, ಏನು ಬಿತ್ತು?" ಎಂದು ಕೇಳಿದ್ದು ಕಿವಿಗೆ ಬಿತ್ತು.

ನಾನು ಮೊದಲು ಮಾಡಿದ್ದು ಪೊಟ್ಟಣವನ್ನು ಕಾಲಿನಿಂದ ಮಷೀನಿನ ಹಿಂದಕ್ಕೆ ತಳ್ಳಿದ್ದು.

ಆಮೇಲೆ ಮಗಳನ್ನು ಹಿಡಿದೆ. ಎಷ್ಟು ಹೊತ್ತು ಆಗಿರಬಹುದು, ಒಂದು ಕ್ಷಣ, ಅಥವಾ ಎರಡು. ಅದನ್ನು ನೂರಾರು ಸಲ ಮನಸ್ಸಿನಲ್ಲಿ ಅಳೆದಿದ್ದೇನೆ. ಅಳೆದಷ್ಟೂ ಉದ್ದವಾಗುತ್ತದೆ. ಅವಳ ತುಟಿ ಬೂದಿಯ ಬಣ್ಣಕ್ಕೆ ತಿರುಗಿತು. ಬಿ.ಎಸ್ಸಿ. ಓದಿದವಳು ನಾನು, ಉಸಿರಾಟದ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿದವಳು; ಅವಳ ಭುಜ ಹಿಡಿದು ಅಲ್ಲಾಡಿಸುತ್ತ "ಉಗುಳು, ಉಗುಳು" ಎಂದು ಕಿರುಚುವುದು ಬಿಟ್ಟು ಬೇರೇನೂ ತೋಚಲಿಲ್ಲ. ಅತ್ತೆ ಓಡಿ ಬಂದವರೇ ನನ್ನನ್ನು ಪಕ್ಕಕ್ಕೆ ನೂಕಿ, ಅವಳನ್ನು ಎಡಗೈ ಮೇಲೆ ಮುಂದಕ್ಕೆ ಬಾಗಿಸಿ, ಬೆನ್ನಿನ ನಡುವೆ ಅಂಗೈಯಿಂದ ಬಡಿದರು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಬಾಯಲ್ಲಿದ್ದದ್ದೆಲ್ಲ ನೆಲಕ್ಕೆ ಬಿತ್ತು. ಆಮೇಲೆ ಅಳು ಬಂತು. ಅವಳು ಹುಟ್ಟಿದಾಗಲೂ ಆ ಅಳುವಿಗೆ ನಾನು ಅಷ್ಟು ಕಾದಿರಲಿಲ್ಲ.

ಚೂರೇನಾದರೂ ಶ್ವಾಸಕೋಶಕ್ಕೆ ಇಳಿದಿದೆಯೇ ಎಂದು ನೋಡಲು ಹತ್ತಿರದ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರು ಎದೆಯ ಮೇಲೆ ಬಹಳ ಹೊತ್ತು ಸ್ಟೆತಸ್ಕೋಪ್ ಇಟ್ಟು ಕೇಳಿದರು, ಎಕ್ಸ್‌ರೇ ಮಾಡಿಸಿದರು. ಏನೂ ಇಲ್ಲ, ಆದರೂ ಎರಡು ದಿನದೊಳಗೆ ಕೆಮ್ಮು ಬಂದರೆ ತಕ್ಷಣ ಬನ್ನಿ ಎಂದರು. ಹೊರಡುವಾಗ ಕೇಳಿದರು: "ಇಷ್ಟೊಂದು ಒಟ್ಟಿಗೆ ಯಾಕೆ ಬಾಯಿಗೆ ಹಾಕ್ಕೊಂಡ್ಲು? ಎಲ್ಲಿ ಸಿಕ್ತು?"

"ಸ್ಕೂಲಲ್ಲಿ ಯಾರೋ ಕೊಟ್ಟಿರ್ಬೇಕು ಡಾಕ್ಟ್ರೇ" ಎಂದೆ. ಬಾಯಿಂದ ಸಲೀಸಾಗಿ ಬಂತು.

ವಾಪಸು ಬರುವಾಗ ಆಟೋದಲ್ಲಿ ಅತ್ತೆ ಅವಳಿಗೆ ಬೈದದ್ದೇ ಬೈದದ್ದು. "ಕದ್ದು ತಿನ್ನೋದು ಯಾವ ಬುದ್ಧಿ? ಮನೇಲಿ ನಿಂಗೆ ಊಟ ಹಾಕಲ್ವಾ? ಯಾರಿಂದ ಕಲಿತೆ ಇದು?" ಮಗಳು ಹೊರಗೆ ನೋಡುತ್ತಿದ್ದಳು. ನಾನು ನನ್ನ ಕಾಲ ಬೆರಳುಗಳನ್ನು ನೋಡುತ್ತಿದ್ದೆ.

ಮನೆಗೆ ಬಂದು ಅವಳನ್ನು ಮಲಗಿಸಿದ ಮೇಲೆ, ಪೊಟ್ಟಣ ಎಸೆಯಲೆಂದು ಯುಟಿಲಿಟಿಗೆ ಹೋದೆ. ಮಷೀನಿನ ಹಿಂದೆ ಕೈ ಹಾಕಿ ತೆಗೆದೆ. ಒಳಗೆ ಇನ್ನೂ ಎರಡು ಹಿಡಿಯಷ್ಟಿತ್ತು. ಅದನ್ನು ತಿಂದೆ. ಉಪ್ಪು ಖಾರ ಯಾವುದೂ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಮಗಳಿಗೆ ತಲೆ ಬಾಚುತ್ತಿದ್ದೆ. ಬೆನ್ನು ತಿರುಗಿಸಿ ಕೂತವಳು ಮೆಲ್ಲಗೆ ಹೇಳಿದಳು.

"ಅಮ್ಮ, ನಾನು ಅಜ್ಜಿಗೆ ಹೇಳ್ಲಿಲ್ಲ."

"ಏನು?"

"ಅದು ನಿಂದು ಅಂತ. ನೀನು ಕಾಲಲ್ಲಿ ಒಳಗೆ ತಳ್ದೆ ಅಲ್ವಾ, ಅದೂ ಹೇಳ್ಲಿಲ್ಲ."

ಬಾಚಣಿಗೆ ಅವಳ ಕೂದಲಲ್ಲೇ ನಿಂತಿತು. ಉಸಿರು ಸಿಕ್ಕಿಕೊಂಡು ನಿಂತಿದ್ದಾಗಲೂ ಅವಳು ಅದನ್ನು ನೋಡಿದ್ದಳು. ನೋಡಿ, ನನಗಾಗಿ ಕಾಪಾಡಿದ್ದಳು. ಇನ್ನು ಮುಂದೆಯೂ ಕಾಪಾಡುತ್ತ ಹೋಗುತ್ತಾಳೆ ಎಂದು ಗೊತ್ತಾಯಿತು.

ಎರಡನೇ ಜಡೆ ಹಾಕದೆಯೇ ಎದ್ದು ಹಾಲ್‌ಗೆ ಹೋದೆ. ಅತ್ತೆ ಪೇಪರ್ ಹಾಸಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ನಿಂತೇ ಎಲ್ಲ ಹೇಳಿದೆ. ಒಪ್ಪತ್ತು, ಮಷೀನು, ಸೋಪಿನ ಡಬ್ಬಿ, ಕಾಲಿನಿಂದ ತಳ್ಳಿದ್ದು, ಡಾಕ್ಟರಿಗೆ ಹೇಳಿದ್ದು. ಅವರು ಸೊಪ್ಪನ್ನು ಪಕ್ಕಕ್ಕೆ ಸರಿಸಿದರು.

"ವ್ರತದ ವಿಷ್ಯ ನಿಂಗೂ ದೇವ್ರಿಗೂ ಬಿಟ್ಟಿದ್ದು" ಎಂದರು. "ಕಡ್ಲೆಬೀಜ ಬೇಕು ಅಂದಿದ್ರೆ ನಾನೇ ಹುರಿದು ಕೊಡ್ತಿದ್ದೆ. ಆದ್ರೆ ಆಟೋದಲ್ಲಿ ದಾರಿಯುದ್ದಕ್ಕೂ ಆ ಮಗೂಗೆ ನನ್ ಬಾಯಲ್ಲಿ ಬೈಸಿದೆಯಲ್ಲೇ. ಪಕ್ಕದಲ್ಲೇ ಕೂತಿದ್ದೆಯಲ್ಲೇ!"

ನಾನು ಅಳಲು ಶುರುಮಾಡಿದೆ. "ಅಳ್ಬೇಡ, ಆಮೇಲೆ ಅದಕ್ಕೂ ತಿಂತೀಯ" ಎಂದರು. ತಮಾಷೆಗೆ ಹೇಳಿದ್ದಲ್ಲ. ಎದ್ದು ಒಳಗೆ ಹೋಗಿ, ಒಂದೇ ಜಡೆಯಲ್ಲಿ ಕೂತಿದ್ದ ಮೊಮ್ಮಗಳನ್ನು ಕರೆತಂದು ನನ್ನೆದುರು ನಿಲ್ಲಿಸಿದರು. "ಹೇಳು ಅವಳಿಗೆ."

"ತಪ್ಪು ನಂದು ಪುಟ್ಟಿ. ನಿಂದಲ್ಲ."

"ಹಾಗಾದ್ರೆ ಇನ್ಮೇಲೆ ಯಾರ್ ಕೇಳಿದ್ರೂ ಹೇಳ್ಬಹುದಾ?" ಎಂದಳು.

"ಹೇಳ್ಬಹುದು."

ಅತ್ತೆ ನನ್ನೊಂದಿಗೆ ಸರಿಯಾಗಿ ಮಾತಾಡಿದ್ದು ಆರು ದಿನಗಳ ಮೇಲೆ, ಮುಂದಿನ ಶನಿವಾರ. ನಾಲ್ಕು ಗಂಟೆಗೆ ಒಂದು ತಟ್ಟೆ ಉಪ್ಪಿಟ್ಟು ತಂದು ಊಟದ ಮೇಜಿನ ಮೇಲಿಟ್ಟರು. "ನೀನು ಒಪ್ಪತ್ತು ಮಾಡ್ಬೇಡ. ಇಲ್ಲಿ ಕೂತ್ಕೊಂಡು ತಿನ್ನು, ಎಲ್ಲರಿಗೂ ಕಾಣೋ ಹಾಗೆ." ಉಪವಾಸವಿದ್ದ ಅವರು ಎದುರಿಗೆ ಕೂತು, ನಾನು ತಿಂದು ಮುಗಿಸುವವರೆಗೂ ಕದಲಲಿಲ್ಲ. ಆ ಒಂದು ತಟ್ಟೆ ಮುಗಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಅಷ್ಟು ನಾಚಿಕೆಯಿಂದ ನಾನು ಯಾವತ್ತೂ ತಿಂದಿರಲಿಲ್ಲ, ಅಷ್ಟು ನಿಧಾನವಾಗಿಯೂ.

ಅದು ಈಗ ರೂಢಿಯಾಗಿದೆ. ತೂಕ ಸ್ವಲ್ಪ ಇಳಿದಿದೆ, ಬಹಳವೇನಿಲ್ಲ. ಆಫೀಸಿನಲ್ಲಿ ಮನಸ್ಸು ಕೆಟ್ಟ ದಿನ ಕಾಲು ಈಗಲೂ ಬೇಕರಿಯ ಕಡೆಗೇ ತಿರುಗುತ್ತದೆ. ಕೆಲವು ಸಲ ಕೊಳ್ಳುತ್ತೇನೆ, ಆದರೆ ಮನೆಗೆ ತಂದು ಮೇಜಿನ ಮೇಲೆ ಬಿಚ್ಚುತ್ತೇನೆ. ಬಿಚ್ಚಿದ ಮೇಲೆ ಎಷ್ಟೋ ಸಲ ಅದು ಅಷ್ಟಾಗಿ ಬೇಡವೆನಿಸುತ್ತದೆ.

ಹೋದ ವಾರ ನಾನು ಹಾಗೆ ಕೂತು ತಿನ್ನುತ್ತಿದ್ದಾಗ ಮಗಳು ಆಟದಿಂದ ಬಂದಳು. ಚಪ್ಪಲಿಯನ್ನೂ ಬಿಡದೆ ನನ್ನ ತಟ್ಟೆಯಿಂದ ಒಂದು ಹಿಡಿ ಚುರುಮುರಿ ಬಾಯಿಗೆ ಹಾಕಿಕೊಂಡು, ಏನನ್ನೋ ಹೇಳಲು ಹೊರಟಳು. "ಮೊದ್ಲು ನುಂಗು" ಎಂದೆ. ಅವಳು ಅಗಿದಳು. ಅವಳ ಗಂಟಲು ಒಮ್ಮೆ ಮೇಲೆದ್ದು ಕೆಳಗಿಳಿಯುವವರೆಗೆ ನಾನು ನೋಡುತ್ತಲೇ ಇದ್ದೆ.