ದೋಣಿಯವಳ ಪಾಲಿನ ಆಟ

ಕಳಸದಿಂದ ನಾಲ್ಕು ಮೈಲಿ ಮೇಲಿನ ಕಾಫಿ ಎಸ್ಟೇಟಿನಲ್ಲಿದ್ದ ಸಾವಿತ್ರಮ್ಮನವರಿಗೆ ಐವತ್ತೆರಡು ವರ್ಷ ತುಂಬುವವರೆಗೂ ಯಾರ ಮೇಲೂ ಕತ್ತಿ ಎತ್ತುವ ಅವಕಾಶ ಸಿಕ್ಕಿರಲಿಲ್ಲ. ಆಸೆಯೇ ಇರಲಿಲ್ಲ ಎಂದಲ್ಲ. ಮೂವತ್ತು ವರ್ಷ ದೇವರಾಜರ ಜೊತೆ ಸಂಸಾರ ಮಾಡಿದವರಿಗೆ ಅಂಥ ಆಸೆ ಆಗಾಗ ಹುಟ್ಟಿದರೆ ತಪ್ಪಲ್ಲ.

2003ರಲ್ಲಿ ವಸ್ತಾರೆಯ ಪ್ಲಾಂಟರ್ ಮಲ್ಲಿಕಾರ್ಜುನಪ್ಪ ಕಂಪ್ಯೂಟರ್ ಕೊಂಡರೆಂಬ ಸುದ್ದಿ ಬಂತು. ಎಂಟನೇ ದಿನಕ್ಕೆ ದೇವರಾಜರ ಆಫೀಸು ಕೋಣೆಯಲ್ಲೂ ಒಂದು ಬಂದು ಕೂತಿತು. ಯಾತಕ್ಕೆಂದು ಕೇಳಿದರೆ "ಈಗೆಲ್ಲಾ ಬೇಕಾಗ್ತದೆ" ಎನ್ನುತ್ತಿದ್ದರು. ಕಳಸದಲ್ಲಿ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದ ತನುಜಾ ಪಾಠ ಹೇಳಲು ವಾರಕ್ಕೆರಡು ಮಧ್ಯಾಹ್ನ ಜೀಪು ಹತ್ತಿ ಬರತೊಡಗಿದಳು. ಯಜಮಾನರ ಕೈ ಮೌಸಿಗೆ ಪಳಗಲಿ ಎಂದು ಒಂದು ಆಟದ ಸಿಡಿ ಹಾಕಿಕೊಟ್ಟಳು. ಈಮೇಲ್ ಪಾಠ ಅಲ್ಲಿಗೇ ನಿಂತಿತು.

ಮಾಯೆ, ಮಂತ್ರ, ರಾಕ್ಷಸರ ಕತೆಯ ಆಟವದು. ನಾಯಕರು ಇಬ್ಬರು. ಒಬ್ಬ ರಾಜ್ಯ ಕಳೆದುಕೊಂಡ ರಾಜಕುಮಾರ ಆಲ್ರಿಕ್, ಇನ್ನೊಬ್ಬಳು ಹೊಳೆ ದಾಟಿಸುವ ದೋಣಿಯ ಹುಡುಗಿ ನೀಸಾ. ಒಂದು ಅಧ್ಯಾಯ ಅವನಾಗಿ ಆಡಬೇಕು, ಮುಂದಿನದು ಅವಳಾಗಿ. ಅವಳದನ್ನು ಮುಗಿಸದೆ ಅವನ ಕತೆ ಒಂದು ಹೆಜ್ಜೆ ಮುಂದಿಡುವುದಿಲ್ಲ. ದೇವರಾಜರಿಗೆ ಇದು ಸಹಿಸಲಾಗದ ಅವಮಾನವಾಯಿತು.

"ಈ ವಯಸ್ಸಲ್ಲಿ ನಾನು ಹೆಣ್ಣಾಗಿ ದೋಣಿಗೆ ಹುಟ್ಟು ಹಾಕ್ಬೇಕಾ ಮಾರಾಯ್ತಿ? ಆ ಹುಡುಗಿ ಪಾಲು ನೀನೇ ಆಡಿ ಮುಗಿಸು" ಎಂದು ತನುಜಾಗೆ ಹೇಳಿ ಮಲಗಲು ಹೋದರು.

ಅಷ್ಟು ಹೊತ್ತಿಗೆ ಕಾಫಿ ತಂದಿದ್ದ ಸಾವಿತ್ರಮ್ಮನವರನ್ನು ತನುಜಾ ಕುರ್ಚಿಯಲ್ಲಿ ಕೂರಿಸಿದಳು. ಪರದೆಯ ಮೇಲಿನ ಇಂಗ್ಲಿಷ್ ಮಾತನ್ನು ಅವಳು ಕನ್ನಡದಲ್ಲಿ ಹೇಳುವುದು, ಇವರು ಗುಂಡಿ ಒತ್ತುವುದು. ಮೊದಲ ಮಧ್ಯಾಹ್ನವೇ ಸಾವಿತ್ರಮ್ಮ ಕತೆಯ ಹುಳುಕು ಹೆಕ್ಕತೊಡಗಿದರು.

"ಬೆಳಗ್ಗೆ ಊರು ಸುಟ್ಟುಹೋಗಿದೆ, ಈ ಅರಸುಮಗನ ಕ್ರಾಪು ನೋಡು, ಒಂದು ಕೂದಲು ಅಲ್ಲಾಡಿಲ್ಲ."

"ಆಟದಲ್ಲಿ ಹಾಗೇ ಅಮ್ಮ."

"ಕಂಡೋರ ಮನೆಗೆ ನುಗ್ಗಿ ಮಡಕೆ ಒಡೆದು ಒಳಗಿದ್ದಿದ್ದು ಬಾಚ್ಕೊಳ್ತಾನೆ. ಮನೆಯೋರು ನಿಂತ್ಕೊಂಡು 'ಸ್ವಾಗತ ವೀರನೇ' ಅಂತಾರೆ. ನಮ್ಮ ಮೇಸ್ತ್ರಿ ಹೀಗೆ ಮಾಡಿದ್ರೆ ಬಿಡ್ತೀವಾ?"

ಗಡ್ಡದ ಗುರು ಕಾಣಿಸಿಕೊಂಡ ಕೂಡಲೇ "ಇವನು ಸಾಯ್ತಾನೆ" ಎಂದರು. ಮುಂದಿನ ಅಧ್ಯಾಯಕ್ಕೇ ಸತ್ತ. ನೀಸಾಳ ಕುರುಡಿ ಅಜ್ಜಿ, ಚಿಕ್ಕಂದಿನಲ್ಲಿ ಹೊಳೆ ಪಾಲಾದ ಮಗನನ್ನು ನೆನೆದು ಅತ್ತಾಗ "ಇವನು ಸತ್ತಿರಲ್ಲ, ಕೊನೇಲಿ ಬರ್ತಾನೆ, ಬರೆದಿಟ್ಕೋ" ಎಂದರು. ಅಜ್ಜಿ ಆ ಮಗನನ್ನು ಕರೆಯುತ್ತಿದ್ದ ಮುದ್ದಿನ ಹೆಸರು 'ಓರಿ'. ತನುಜಾ ಬರೆದಿಡಲಿಲ್ಲ. ಸಾವಿತ್ರಮ್ಮ ಮರೆಯಲಿಲ್ಲ. ಎಷ್ಟು ಬೈದರೂ, ನೀಸಾಳ ಸರದಿ ಬರುವ ಮಧ್ಯಾಹ್ನಗಳಲ್ಲಿ ಅವರು ಅಡುಗೆಮನೆಯಲ್ಲಿ ಸಿಗುತ್ತಿರಲಿಲ್ಲ.

ಇತ್ತ ದೇವರಾಜರು ರಾಜಕುಮಾರನ ಪಾಲನ್ನು ಖಡ್ಗದಿಂದಲೇ ನಡೆಸಿದರು. ಇಂಗ್ಲಿಷ್ ಬಲ್ಲ ಅವರು ಒಂದು ಮಾತನ್ನೂ ಓದಲಿಲ್ಲ. ಯಾರಾದರೂ ಬಾಯಿ ತೆರೆದರೆ ಸಾಕು, ಗುಂಡಿ ಒತ್ತೊತ್ತಿ ಮಾತು ಹಾರಿಸಿ ಮುಂದೆ ಹೋಗುತ್ತಿದ್ದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಏನಾದರೂ ಹೇಳಹೊರಟಾಗಲೂ ಅವರ ಹೆಬ್ಬೆರಳು ತಾನಾಗಿ ಅಲ್ಲಾಡುತ್ತಿತ್ತು.

ಕೊನೆಯ ಅಧ್ಯಾಯದಲ್ಲಿ ಕಬ್ಬಿಣದ ಬಾಗಿಲು, ಅದರೆದುರು ಕಪ್ಪು ಕವಚದ ಕಾವಲುಗಾರ. ಇಬ್ಬರಲ್ಲಿ ಯಾರು ಮುಂದೆ ಹೋಗಬೇಕೆಂದು ಆಟವೇ ಕೇಳುತ್ತದೆ. ದೇವರಾಜರು ರಾಜಕುಮಾರನನ್ನೇ ಕಳಿಸಿದರು. ಎರಡೇಟಿಗೆ ಸತ್ತ. ಮತ್ತೆ ಕಳಿಸಿದರು, ಮತ್ತೆ ಸತ್ತ. ಹನ್ನೊಂದು ದಿನ ಹೀಗೇ ಸತ್ತು ಸತ್ತು, ಕಂಪ್ಯೂಟರೇ ಕೆಟ್ಟಿದೆ ಎಂದು ತೀರ್ಮಾನಿಸಿ, ಬೇರೆ ಕೆಲಸಕ್ಕೆ ಮೂಡಿಗೆರೆಗೆ ಹೋದರು.

ಆ ಮಧ್ಯಾಹ್ನ ಸಾವಿತ್ರಮ್ಮ ನೀಸಾಳನ್ನು ಮುಂದೆ ಕಳಿಸಿದರು. ಕಾವಲುಗಾರ ಕತ್ತಿ ಎತ್ತಿದ. ಪರದೆಯಲ್ಲಿ ಮೂರು ಆಯ್ಕೆ ಮೂಡಿದವು: ಹೊಡೆ, ಓಡು, ಕರೆ.

ಸಾವಿತ್ರಮ್ಮ 'ಕರೆ' ಒತ್ತಿದರು. "ಓರಿ ಅಂತ ಇಂಗ್ಲಿಷಲ್ಲಿ ಬರಿ" ಎಂದರು.

ತನುಜಾ ಬರೆದಳು. ಕಾವಲುಗಾರನ ಕತ್ತಿ ಕೆಳಗೆ ಬಿತ್ತು. ಶಿರಸ್ತ್ರಾಣ ತೆಗೆದು ಅಳುತ್ತಾ ಕೂತ. ಬಾಗಿಲು ತೆರೆಯಿತು. ತನುಜಾ ಕುರ್ಚಿಯಿಂದೆದ್ದು ಕುಣಿದಳು. "ಹೇಳಿರ್ಲಿಲ್ವಾ" ಎಂದರು ಸಾವಿತ್ರಮ್ಮ.

ಆಮೇಲಿನದು ಅವರಿಗೆ ಹಿಡಿಸಲಿಲ್ಲ. ಯಾರು ಗೆದ್ದರೂ ಆಟದ ಕೊನೆ ಒಂದೇ: ರಾಜಕುಮಾರನಿಗೆ ಪಟ್ಟಾಭಿಷೇಕ, ಜನರ ಜಯಕಾರ. ನೀಸಾ ಗುಂಪಿನ ಹಿಂದೆ ಹೂವಿನ ಬುಟ್ಟಿ ಹಿಡಿದು ನಗುತ್ತಾ ನಿಂತಿದ್ದಳು.

"ಬುಟ್ಟಿ ಕೊಟ್ರಾ ಅವಳಿಗೆ?" ಎಂದರು ಸಾವಿತ್ರಮ್ಮ. "ನಗೋದು ಬೇರೆ, ಪೆದ್ದಿ."

ಮರುವಾರ ದೇವರಾಜರು ಮಲ್ಲಿಕಾರ್ಜುನಪ್ಪನವರನ್ನು ಊಟಕ್ಕೆ ಕರೆದು, ಪಟ್ಟಾಭಿಷೇಕ ತೋರಿಸಿ, "ಮುಗಿಸ್ಬಿಟ್ಟೆ ನೋಡಿ" ಎಂದರು. ಅವರೂ ಅದೇ ಆಟ ಆಡುತ್ತಿದ್ದಾರೆಂಬುದು ಇವರಿಗೆ ತಿಳಿದಿರಲಿಲ್ಲ.

"ಹೌದಾ! ಆ ಬಾಗಿಲ ಕಾವಲಿನವನನ್ನ ಹೇಗೆ ದಾಟಿದ್ರಿ ಮಾರಾಯ್ರೆ? ಮೂರು ವಾರದಿಂದ ಸಾಯ್ತಾ ಇದೀನಿ."

"ಅವನನ್ನಾ... ಖಡ್ಗದಲ್ಲಿ. ಪಕ್ಕದಿಂದ ಹೊಡೀಬೇಕು."

"ಅವನಿಗೆ ಹೊಡೆದ್ರೆ ಬಾಗಿಲು ತೆಗೆಯಲ್ಲ," ಎಂದರು ಸಾರು ಬಡಿಸುತ್ತಿದ್ದ ಸಾವಿತ್ರಮ್ಮ. "ಅವನು ದೋಣಿ ಅಜ್ಜಿಯ ಮಗ. ಅಜ್ಜಿ ಕರೀತಿದ್ದ ಹೆಸರಲ್ಲಿ ಕರೀಬೇಕು. ಎರಡನೇ ಅಧ್ಯಾಯದಲ್ಲಿ ಹೇಳ್ತಾಳೆ. ನೀವೂ ಅಜ್ಜಿ ಮಾತು ಹಾರಿಸಿದ್ರಾ?"

ಮಲ್ಲಿಕಾರ್ಜುನಪ್ಪ ತಲೆ ತಗ್ಗಿಸಿ ಹೌದೆಂದರು. ಆಮೇಲೆ, ಎಂಜಲು ಕೈಯಲ್ಲೇ, ಪಕ್ಕದ ಕುರ್ಚಿಯನ್ನು ಮೊಣಕೈಯಿಂದ ಎಳೆದು, "ಕೂತ್ಕೊಳಿ ಅಮ್ಮ, ಮೊದಲಿಂದ ಹೇಳಿ" ಎಂದರು. ಸಾವಿತ್ರಮ್ಮ ಸಾರಿನ ಪಾತ್ರೆಯನ್ನು ಗಂಡನ ಮುಂದಿಟ್ಟು ಕೂತರು. ಅಂದು ಮಜ್ಜಿಗೆಯನ್ನು ದೇವರಾಜರೇ ಬಡಿಸಬೇಕಾಯಿತು.

ಇಂಥ ಆಟವೆಲ್ಲ ಮಕ್ಕಳಿಗೆ ಎಂದು ಮರುದಿನವೇ ದೇವರಾಜರು ಸಾರಿದರು. ಆದರೆ ಫೋನು ನಿಲ್ಲಲಿಲ್ಲ. ವಸ್ತಾರೆಯಿಂದ, ಗೋಣಿಬೀಡಿನಿಂದ, ಅದೇ ಆಟದಲ್ಲಿ ಸಿಕ್ಕಿಬಿದ್ದ, ಗುರುತಿಲ್ಲದ ಪ್ಲಾಂಟರುಗಳೆಲ್ಲ "ಸಾವಿತ್ರಮ್ಮನವ್ರು ಇದಾರಾ?" ಎಂದು ಕೇಳುತ್ತಿದ್ದರು. ಮೊದಮೊದಲು ದೇವರಾಜರು "ನನ್ನ ಹತ್ರಾನೇ ಹೇಳಿ" ಎನ್ನುತ್ತಿದ್ದರು. ನಾಲ್ಕನೆಯವನು ದೋಣಿ ಹುಡುಗಿಯ ಪಾಲಿನ ಬಗ್ಗೆ ಒಂದು ಪ್ರಶ್ನೆ ಕೇಳಿದ ಮೇಲೆ ಅದನ್ನು ಬಿಟ್ಟರು. ರಿಸೀವರನ್ನು ಮೇಜಿನ ಮೇಲಿಟ್ಟು, ಅಡುಗೆಮನೆಯತ್ತ ಮುಖ ಮಾಡಿ, ಗಂಟಲು ಸರಿಮಾಡಿಕೊಂಡು, "ನಿಂಗೇ ಅಂತೆ" ಎನ್ನುವುದನ್ನು ಕಲಿತರು.