ಹಗಲಿರುಳೂ ಆಕಾಶ ಮಾರಿದ ಮಾವ

ಬಾಗಿಲಾಚೆ ಬಂದು ಕತ್ತೆತ್ತಿದರೆ ಪುಕ್ಕಟೆ ಕಾಣುವ ಆಕಾಶವನ್ನು ಪೆಟ್ಟಿಗೆಯೊಳಗೆ ತೋರಿಸಿ, ಅದಕ್ಕೆ ತಿಂಗಳ ಬಾಡಿಗೆ ಪಡೆಯುವವನನ್ನು ನೀವು ಏನೆಂದು ಕರೆಯುತ್ತೀರಿ? ನಾನು ಮಾವ ಎಂದು ಕರೆಯುತ್ತಿದ್ದೆ. ನನ್ನ ತಾಯಿಯ ಒಡಹುಟ್ಟಿದವರು. ಬಂಗಾರಪೇಟೆಯ ಕೇಬಲ್ ಟೀವಿಯ ಒಡೆಯರು. ಬಲಗೈ ಮಣಿಕಟ್ಟಿನಲ್ಲಿ ಕಪ್ಪು ಇನ್ಸುಲೇಷನ್ ಟೇಪಿನ ಸುರುಳಿಯೊಂದನ್ನು ಕಡಗದಂತೆ ತೊಟ್ಟಿರುತ್ತಿದ್ದರು. ಮದುವೆಮನೆಗೂ ಅದೇ ಅಲಂಕಾರ. ಮಾತನಾಡುವಾಗ ಅದನ್ನು ತಿರುಗಿಸುತ್ತಿದ್ದರು. ಅದು ವೇಗವಾಗಿ ತಿರುಗಿದಷ್ಟೂ ಸುಳ್ಳು ದೊಡ್ಡದೆಂಬುದು ನಮ್ಮ ಮನೆಯವರಿಗೆಲ್ಲ ಗೊತ್ತಿತ್ತು.

ತೊಂಬತ್ತರ ದಶಕದ ನಡುವೆ, ಯಾವುದೋ ಪರದೇಶದಲ್ಲಿ ಹಗಲಿರುಳೂ ಹವಾಮಾನವನ್ನೇ ಬಿತ್ತರಿಸುವ ವಾಹಿನಿಯಿದೆಯೆಂಬ ಸುದ್ದಿ ಅವರ ಕಿವಿಗೆ ಬಿತ್ತು. ಅವರ ಕೇಬಲ್‌ನಲ್ಲಿ ಒಂದು ಚಾನೆಲ್ ಖಾಲಿ ಬಿದ್ದಿತ್ತು.

"ಆಕಾಸ ಏನು ಅವ್ರಪ್ಪುಂದಾ? ನಮ್ಗೂ ಐತೆ ಕಣ್ಲಾ" ಎಂದರು.

ಮದುವೆಗಳನ್ನು ಚಿತ್ರೀಕರಿಸುತ್ತಿದ್ದ ಹಳೆಯ ಕ್ಯಾಮೆರಾ ತಾರಸಿಯ ಮೇಲಿನ ತಗಡಿನ ಗೂಡು ಸೇರಿತು. "ಸಂಜೆ ಕೆಂಪು ಕಲರ್ ಚೆನ್ನಾಗ್ ಬತ್ತದೆ" ಎಂದು ಅದರ ಮುಖವನ್ನು ಪಶ್ಚಿಮಕ್ಕೆ ತಿರುಗಿಸಿದರು. ನಮ್ಮ ಸೀಮೆಗೆ ಕಾರ್ತಿಕದ ಮಳೆ ಮದರಾಸಿನ ದಿಕ್ಕಿನಿಂದ, ಎಂದರೆ ಮೂಡಣದಿಂದ ಬರುತ್ತದೆಂಬುದು ಎಮ್ಮೆ ಕಾಯುವವರಿಗೂ ಗೊತ್ತಿತ್ತು. ಉಷ್ಣಮಾಪಕವನ್ನು ಕೇಬಲ್ ಕೋಣೆಯ ಕಾದ ಯಂತ್ರಗಳ ನೆತ್ತಿಯ ಮೇಲೆ ತೂಗುಹಾಕಿದ್ದರಿಂದ, ಜನ ಕಂಬಳಿ ಹೊದ್ದು ಕುಳಿತು ಬಂಗಾರಪೇಟೆಯ ಬಿರುಬೇಸಿಗೆಯನ್ನು ವೀಕ್ಷಿಸುತ್ತಿದ್ದರು. ಇರುಳೆಲ್ಲ ತೆರೆಯ ಮೇಲೆ ಬರಿಯ ಕತ್ತಲೆ; ಅದರ ಬುಡದಲ್ಲಿ ಸೀರೆ ಅಂಗಡಿಯ ಜಾಹೀರಾತು ಮಾತ್ರ ನಿದ್ದೆಗೆಟ್ಟು ಹರಿಯುತ್ತಿತ್ತು.

ಸುದ್ದಿ ಓದಲು ನನ್ನನ್ನು ಕರೆದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ದನಿ ನನ್ನದು. ಮನೆಮನೆಗೂ ತಿಳಿವಳಿಕೆ ತಲುಪೀತೆಂದು ನಂಬಿ ಒಪ್ಪಿದೆ. ನಾನು ಅದನ್ನೊಂದು ಜನಸೇವೆಯೆಂದು ಭಾವಿಸಿದ್ದೆ. ಅವರಿಗೆ ಅದು ಜಾಹೀರಾತಿನ ಹಿಂದೆ ಕಟ್ಟುವ ಪರದೆ.

ಅಕ್ಕನನ್ನು ಪೇಟೆಯಾಚೆಯ ಹಳ್ಳಿಯೊಂದಕ್ಕೆ ಕೊಟ್ಟಿದ್ದೆವು. ಮಾವನ ಕೇಬಲ್ ಅಲ್ಲಿಗೂ ಹೋಗಿತ್ತು. ಆ ವರ್ಷ ಅವಳ ರಾಗಿ ಕೊಯ್ಲಿಗೆ ಬಂದಿತ್ತು. ಕೊಯ್ದ ರಾಗಿ ಕೆಲವು ದಿನ ಹೊಲದಲ್ಲೇ ಬಿದ್ದು ಒಣಗಬೇಕು; ನೆನೆದರೆ ತೆನೆಯಲ್ಲೇ ಮೊಳೆತುಬಿಡುತ್ತದೆ. "ಮಾವನ ಟೀವಿ ನೋಡ್ಕಂಡು ನಾಳೆ ಕುಡ್ಲು ಇಡೀತೀನಿ" ಎಂದು ಅಕ್ಕ ಹೇಳಿಕಳಿಸಿದ್ದಳು.

ಅಂದು ಸಂಜೆಯೇ ಮದರಾಸಿನ ವಾರ್ತೆ ಚಂಡಮಾರುತದ ಎಚ್ಚರಿಕೆ ಕೊಟ್ಟಿತು. ಮಾವ ನನ್ನ ಪಕ್ಕದಲ್ಲೇ ಕುಳಿತು ನೋಡಿದರು. ನಾನದನ್ನು ಕನ್ನಡಕ್ಕಿಳಿಸಿ ಓದತೊಡಗಿದೆ. ಮೊದಲ ವಾಕ್ಯ ಮುಗಿಯುವ ಮುನ್ನವೇ ಅವರು ಮೈಕ್ ಆರಿಸಿದರು. ರೈಲಿನಲ್ಲಿ ಹೋಗಬೇಕಾದ ಪಕ್ಕದ ಚಿನ್ನದ ಗಣಿಯೂರು ಕೋರಮಂಡಲ್‌ನ ಬಯಲಿನಲ್ಲಿ ಎಗ್ಜಿಬಿಷನ್ ನಡೆದಿತ್ತು. ವಾಹಿನಿಯ ಅತಿ ದೊಡ್ಡ ಜಾಹೀರಾತು ಅದರದೇ.

"ಮಳೆ ಅಂದ್ರೆ ರೈಲತ್ಕಂಡು ಯಾವೋನ್ಲಾ ಓಗ್ತಾನೆ ಅಲ್ಲಿಗೆ?"

"ಅಕ್ಕ ನಾಳೆ ರಾಗಿ ಕೊಯ್ಸ್ತಾಳೆ, ಮಾವ."

"ಮದ್ರಾಸ್ ಮಳೆ ಮದ್ರಾಸ್ನಾಗೇ ಇರ್ತದೆ. ಸುಮ್ಕಿರ್ಲಾ." ಮಣಿಕಟ್ಟಿನ ಸುರುಳಿ ಗಿರಗಿರನೆ ತಿರುಗುತ್ತಿತ್ತು.

ತೆರೆಯ ಮೇಲೆ 'ನಾಳೆಯೂ ಒಣಹವೆ' ಎಂಬ ಅಕ್ಷರಗಳು ಮೂಡಿದವು. ನಾನು ಎದ್ದು ಹೊರಬಂದೆ. ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ. ಹಳ್ಳಿಯ ಕಡೆಯ ಬಸ್ಸು ಹೋಗಿಯಾಗಿತ್ತು. ಬೆಳಗಿನ ಬಸ್ಸಿನಲ್ಲಿ ಹೊಲ ತಲುಪುವಷ್ಟರಲ್ಲಿ, ನಸುಕಿಗೇ ಇಳಿದಿದ್ದ ಕೂಲಿಯವರು ಹೊಲದ ಮುಕ್ಕಾಲು ಪಾಲನ್ನು ಕೊಯ್ದು ಮಲಗಿಸಿದ್ದರು. ಮಧ್ಯಾಹ್ನಕ್ಕೆ ಹಿಡಿದ ಮಳೆ ಮೂರು ದಿನ ಬಿಡಲಿಲ್ಲ. ಆ ಮೂರು ದಿನವೂ ಮಾವನ ವಾಹಿನಿ ಮಳೆಯನ್ನು ತಾರಸಿಯಿಂದ ನೇರವಾಗಿ ತೋರಿಸಿತು. "ಇಷ್ಟು ಕ್ಲಿಯರಾಗಿ ಇನ್ಯಾವನ್ ತೋರುಸ್ತಾನೆ?" ಎಂದು ಬಂದವರನ್ನೆಲ್ಲ ಕೇಳಿದರಂತೆ.

ಮಳೆ ನಿಂತ ಮೇಲೆ ಅಕ್ಕ ಮೊಳೆತ ತೆನೆಗಳನ್ನು ಮಡಿಲಲ್ಲಿ ತುಂಬಿಕೊಂಡು ಮಾವನ ಮನೆಯ ಜಗುಲಿಗೆ ಬಂದು ಸುರಿದಳು. ಅವಳ ಮನೆಯ ವರ್ಷದ ಮುದ್ದೆ ಅದು. ನಾನೂ ಜೊತೆಗಿದ್ದೆ.

"ನಿನ್ ಟೀವಿ ನಂಬ್ಕಂಡು ಕೊಯ್ಸ್ದೆ ಮಾವ."

"ಯಾಕಮ್ಮಾ, ನಿಮ್ಮೂರಾಗೂ ಆಕಾಸ ಐತಲ್ಲ, ನೋಡ್ಬಾರ್ದಾಗಿತ್ತಾ?"

"ಐತೆ. ಅದು ಎಗ್ಜಿಬಿಷನ್ನೋರ ತಾವ ಕಾಸು ಈಸ್ಕಂಡಿಲ್ಲ."

ಮಾವ ಒಳಗೆ ಹೋಗಿ ಟೀವಿಯ ಸದ್ದು ಹೆಚ್ಚಿಸಿದರು.

ಅವರು ತೀರಿಕೊಂಡಾಗ ಸಂತಾಪಸಭೆಯಲ್ಲಿ ಅವರನ್ನು ಮುಂದಾಲೋಚನೆಯ ಮನುಷ್ಯ ಎಂದು ಹೊಗಳಿದರು. ನಾನು ಖಂಡಿಸಲಿಲ್ಲ; ಎದುರಾಳಿ ಉತ್ತರಿಸಲಾರದ ವೇದಿಕೆಯಲ್ಲಿ ವಾದ ಹೂಡುವುದು ಸಭ್ಯತೆಯಲ್ಲ. ಆದರೆ ಅವರ ಋಣವೊಂದು ನನ್ನ ಮೇಲಿದೆಯೆಂಬುದನ್ನು ಇಷ್ಟವಿಲ್ಲದೆಯೂ ಒಪ್ಪುತ್ತೇನೆ. ತಿಳಿದದ್ದನ್ನು ತಿಳಿಸಬೇಕಾದವರಿಗೆ ತಿಳಿಸದಿರುವುದು ಕಳ್ಳತನಕ್ಕೆ ಸಮವೆಂಬ ಪಾಠವನ್ನು ನನಗೆ ಯಾವ ಗುರುವೂ ಅಷ್ಟು ಚೆನ್ನಾಗಿ ಕಲಿಸಲಿಲ್ಲ. ರಾಗಿ ಮೊಳೆತುಹೋದ ಮರುವರ್ಷವೇ, ಹಿಂಗಾರಿಗೆ ಮುನ್ನ, ಅಕ್ಕನ ಊರಿನ ಹಾಲಿನ ಡೈರಿಯ ಗೋಡೆಗೆ ಕರಿಹಲಗೆಯೊಂದನ್ನು ಹಾಕಿಸಿದೆ. ಹಾಲು ಹಾಕಲು ಬೆಳಗೂ ಬೈಗೂ ಊರೆಲ್ಲ ಅಲ್ಲಿಗೇ ಬರುತ್ತದೆ. ಆಕಾಶವಾಣಿಯಲ್ಲಿ ಕೇಳಿದ್ದನ್ನು ಅಕ್ಕ ಅದರ ಮೇಲೆ ಬರೆಯುತ್ತಾಳೆ. ಆಮೇಲೆ ಕೊಯ್ಲು ನಿಲ್ಲಿಸುವುದೋ ಬಿಡುವುದೋ ಓದಿದವರ ವಿವೇಚನೆ.

ನಿಮ್ಮೂರಿನ ಡೈರಿಯ ಗೋಡೆಗೂ ದಯವಿಟ್ಟು ಒಂದು ಹಲಗೆ ಹಾಕಿ. ಮಳೆಯ ಎಚ್ಚರಿಕೆ ಕಿವಿಗೆ ಬಿದ್ದ ಕೂಡಲೇ, ಯಾರನ್ನೂ ಕೇಳದೆ, ಅದರ ಮೇಲೆ ಬರೆಯಿರಿ.