ಮೂಲೆಯಲ್ಲಿ ತೂತಿದ್ದ ಚಾಕು

ಕುರ್ಡಿ ಊರಿನ ಪರಮಣ್ಣನಿಗೆ ಅಂಗಿಗೆ ಗುಂಡಿ ಇಲ್ಲದಿದ್ದರೂ ನಡೆದೀತು, ಜೇಬಿನಲ್ಲಿ ಚಾಕು ಇಲ್ಲದಿದ್ದರೆ ಹೆಜ್ಜೆ ಏಳುತ್ತಿರಲಿಲ್ಲ. ನಲವತ್ತು ವರ್ಷ ಕುರಿ ಕಾಯ್ದವನು. ಕುರಿಯ ಬೆಳೆದ ಗೊರಸು, ಮರಿಯ ಹೊಕ್ಕಳಬಳ್ಳಿ, ಮಧ್ಯಾಹ್ನದ ಉಳ್ಳಾಗಡ್ಡಿ, ಎಲ್ಲಕ್ಕೂ ಒಂದೇ ಮಡಚುವ ಚಾಕು. ನಡುವೆ ತೊಳೆಯುತ್ತಿದ್ದನೋ ಇಲ್ಲವೋ, ಕೇಳಬೇಡಿ!

ಹೋದ ಚಳಿಗಾಲದಲ್ಲಿ ಲಕ್ವ ಹೊಡೆಯಿತು. ಕಾಲು ಸುಧಾರಿಸಿತು. ಬಲಗೈಯ ಹೆಬ್ಬೆರಳು, ತೋರುಬೆರಳು ಮಾತ್ರ ಮಾತು ಕೇಳಲೊಲ್ಲವು. ಎಡಗೈಯಲ್ಲಿ ಕುರಿ ಹಿಡಿದರೆ ಚಾಕು ಬಿಚ್ಚುವವರಾರು? ಹೆಂಡತಿ ಕರೆಮ್ಮ ಕಡ್ಡಿ ಮುರಿದಂತೆ ಹೇಳಿಬಿಟ್ಟಳು: "ಮರಿ ಕುತ್ತಿಗಿ ಹಗ್ಗಕ್ಕ ಸಿಕ್ರ ಹಗ್ಗ ಕೊಯ್ಯಾಕ ಬರಂಗಿಲ್ಲ ನಿನಗ. ಐತಾರ ವ್ಯಾಪಾರಿ ಬರ್ತಾನ, ಹಿಂಡು ಕೊಟ್ಟುಬಿಡೋಣು."

ಹಿಂಡು ಹೋದ ಮೇಲೆ ತಾನು ಯಾರು? ಈ ಕೈಗೆ ಒಗ್ಗುವ ಚಾಕು ಸಿಕ್ಕೀತೇನೋ ಎಂದು ಪರಮಣ್ಣ ಶನಿವಾರ ಬೆಳಿಗ್ಗೆಯೇ ರಾಯಚೂರಿನ ಬಸ್ಸು ಹತ್ತಿದ. ಅಲ್ಲಿ ನರ್ಸ್ ಆಗಿರುವ ಮಗಳು ರಾಧಾ ಅವನನ್ನು ದಸ್ತಗೀರ್ ಸಾಬ್‌ನ ಚಾಕು-ಕತ್ತರಿ ಅಂಗಡಿಗೆ ಕರೆದೊಯ್ದಳು.

"ನೋಡ್ರೀ ಅಣ್ಣಾರ, ಎಟಿಎಂ ಕಾರ್ಡಿನಷ್ಟು ತೆಳ್ಳಗ! ಜೇಬಿನ್ಯಾಗ ಅದನೋ ಇಲ್ಲೋ ಗೊತ್ತಾಗಂಗಿಲ್ಲ" ಎನ್ನುತ್ತ ಸಾಬ್ ಮೊದಲ ಚಾಕು ಚಾಚಿದ. ಪರಮಣ್ಣ ಸರಕ್ಕನೆ ಕೈ ಹಿಂದೆಳೆದ.

"ಕೈಯಾಗ ಕೊಡಬ್ಯಾಡ್ರೀ, ಜಗಳ ಬರ್ತದ. ಕೆಳಗ ಇಡ್ರಿ."

ಸಾಬ್ ನಕ್ಕು ಗಾಜಿನ ಮೇಜಿನ ಮೇಲಿಟ್ಟ. ಪೇಚಾಟ ಶುರುವಾದದ್ದು ಅಲ್ಲಿಂದ. ತೆಳುವೇ ಅದರ ಹೆಚ್ಚುಗಾರಿಕೆ, ಆ ತೆಳುವೇ ಶನಿಯಾಯಿತು. ಬೆರಳು ಗಾಜು ಕೆರೆದದ್ದೇ ಬಂತು, ಚಾಕು ಏಳಲಿಲ್ಲ.

"ಯಪ್ಪಾ, ಎಡಗೈಲೆ ತಗೋ" ಎಂದಳು ರಾಧಾ.

"ಎಡಗೈಯಾಗ ಕುರಿ ಇರ್ತದಲ್ಲ ಬೇ!"

ಎರಡನೆಯದು ಪೂರಾ ಉಕ್ಕು. ಅದರಲ್ಲೇ ಅಳತೆಪಟ್ಟಿ, ಅದರಲ್ಲೇ ಬಾಟಲಿ ಮುಚ್ಚಳ ತೆಗೆಯುವ ಕೊಕ್ಕೆ. "ನಾ ಯಾವ ಬಾಟ್ಲಿ ತೆಗೀಲಿ?" ಎಂದು ಗೊಣಗಿದ. ಅದೂ ಏಳಲಿಲ್ಲ. ಮೂರನೆಯದು ತುಸು ದಪ್ಪ, ನೂಕಿದರೆ ಅಲಗು ಹೊರಬರುವಂಥದ್ದು. ಅದೂ ಮಲಗಿದಲ್ಲೇ ಮಲಗಿತು. ಪರಮಣ್ಣನ ಕಣ್ಣು ತುಂಬಿತು. ಬೆಳಗಾದರೆ ವ್ಯಾಪಾರಿ ಬರುತ್ತಾನೆ.

ಆಗ ಆ ಮೂರನೆಯ ಚಾಕುವಿನ ಮೂಲೆಯಲ್ಲೊಂದು ತೂತು ಕಂಡಿತು.

ಹೆಗಲ ಕಂಬಳಿಯ ಅಂಚಿನಿಂದ ಒಂದು ಎಳೆ ಹಿರಿದು, "ಇದನ್ನ ಪೋಣಿಸು" ಎಂದು ಮಗಳಿಗೆ ಕೊಟ್ಟ. ಅವಳು ಕುಣಿಕೆ ಹಾಕಿದಳು. ಗಟ್ಟಿಯಿದ್ದ ಕಿರುಬೆರಳನ್ನು ಅದಕ್ಕೆ ಸಿಕ್ಕಿಸಿ ಎಳೆದ, ಚಾಕು ಅಂಗೈಗೆ ಬಂತು. ಹೆಬ್ಬೆರಳ ಬುಡದಿಂದ ನೂಕಿದ, ಅಲಗು ಟಕ್ಕೆಂದು ಹೊರಬಂತು.

"ಬಂತಲ್ಲೋ ಯಪ್ಪಾ!" ಎಂದು ರಾಧಾ ಅಂಗಡಿಯಲ್ಲೇ ಚಪ್ಪಾಳೆ ತಟ್ಟಿದಳು.

ಐತಾರ ವ್ಯಾಪಾರಿ ಅಂಗಳದಲ್ಲಿ ಚಾ ಕುಡಿಯುತ್ತ ಕೂತಿದ್ದ. ದೊಡ್ಡಿಯ ಹರಿದ ಬಲೆಗೆ ಮರಿಯೊಂದು ಕುತ್ತಿಗೆ ಸಿಕ್ಕಿಸಿಕೊಂಡು ವಿಲವಿಲ ಒದ್ದಾಡಿತು. ಕರೆಮ್ಮ ಕುಡುಗೋಲಿಗೆಂದು ಒಳಗೆ ಓಡಿದಳು. ಹೊರಬರುವಷ್ಟರಲ್ಲಿ ಮರಿ ಪರಮಣ್ಣನ ಎಡಗಂಕುಳಲ್ಲಿ ಕಿವಿ ಕೊಡವುತ್ತಿತ್ತು, ಕೊಯ್ದ ಬಲೆ ಕಾಲಬಳಿ ಬಿದ್ದಿತ್ತು.

ಅವಳು ಚಾಕು ನೋಡಲು ಕೈ ಚಾಚಿದಳು. ಅವನು ನೆಲದ ಮೇಲಿಟ್ಟ. ದಾರ ಹಿಡಿದೆತ್ತಿ, ತಿರುಗಿಸಿ ಮುರುಗಿಸಿ ನೋಡಿದಳು. ವ್ಯಾಪಾರಿ ಲೋಟ ಕೆಳಗಿಟ್ಟು ಅವಳ ಮುಖವನ್ನೇ ನೋಡುತ್ತಿದ್ದ.

"ಈ ಎಳಿ ಮಳಿಗಾಲ ತಡಿಯಂಗಿಲ್ಲ" ಎಂದಳು ಕರೆಮ್ಮ ಗಂಡನಿಗೆ. "ತಡಿ, ಗಟ್ಟಿ ದಾರ ಹೊಸೀತೀನಿ."